ಹುಳದ ರಾಜತಂತ್ರ

ತೊಂಬತ್ತೆಂಟನೆಯ ಸೇಬನ್ನು ಅಡ್ಡಕ್ಕೆ ಕೊಯ್ದು, ಎರಡು ಹೋಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಹರಲಾಂಬಿ ಬುಟ್ಟಿಗೆ ಹಾಕಿದ. ಸೇಬಿನಲ್ಲಿ ಏನೂ ಇರಲಿಲ್ಲ. ಬೆಳ್ಳಗೆ, ಗಟ್ಟಿಯಾಗಿ, ನಡುವೆ ಐದು ಬೀಜದ ಮನೆಗಳು ನಕ್ಷತ್ರದ ಹಾಗೆ ಕೂತಿದ್ದ ಆರೋಗ್ಯವಂತ ಸೇಬು. ಅದೇ ತೊಂದರೆ. ತೊಂಬತ್ತೊಂಬತ್ತನೆಯದರಲ್ಲೂ ಏನೂ ಇರಲಿಲ್ಲ. ನೂರನೆಯದನ್ನು ಬೇಕೆಂದೇ ನಿಧಾನವಾಗಿ ಕೊಯ್ದ, ಅದಕ್ಕಾದರೂ ಒಂದಿಷ್ಟು ದೇಶಪ್ರೇಮ ಇದ್ದೀತೇನೋ ಅಂತ. ಇರಲಿಲ್ಲ. ಪ್ರತಿ ಲಾರಿಯಿಂದ ನೂರು ಸೇಬು ತೆಗೆದು ಕೊಯ್ಯುವುದು, ಹುಳ ಇದೆ ಅಥವಾ ಇಲ್ಲ ಎಂದು ಬರೆದು ಸಹಿ ಹಾಕುವುದು, ಇಪ್ಪತ್ತೊಂಬತ್ತು ವರ್ಷದಿಂದ ಈ ಗೋದಾಮಿನಲ್ಲಿ ಅವನ ಕೆಲಸ ಇಷ್ಟೇ. ಇದು ಬೆಳೆಗಾರ್ತಿ ಪ್ರೊಫಿರಾಳ ಲಾರಿ. ಬೆಳೆಗಾರರ ಸಂಘದ ಯಜಮಾನ ಸೆರಾಫಿಮ್ ನಿನ್ನೆ ಸಂಜೆ ಬೇಲಿಯ ಆಚೆ ನಿಂತು, ನಾಳೆ ರಾಜಧಾನಿ ಕಿಶಿನಾವಿನಿಂದ ಒಬ್ಬರು ಸಾಹೇಬರು ಬರ್ತಾರೆ, ಅವರು ಬರೋದರೊಳಗೆ ಪ್ರೊಫಿರಾಳ ಲಾರಿಯಲ್ಲಿ ಏನಾದರೂ ಸಿಕ್ಕಿದ್ದರೆ ಎಲ್ಲರಿಗೂ ಒಳ್ಳೆಯದು ಎಂದು, ಹವಾಮಾನದ ಬಗ್ಗೆ ಮಾತಾಡುವವನ ಹಾಗೆ ಹೇಳಿ ಹೋಗಿದ್ದ.

ಹುಳದಷ್ಟು ಪೇಪರು ಓದುವ ಪ್ರಾಣಿ ಇನ್ನೊಂದಿಲ್ಲ ಎಂದು ಹರಲಾಂಬಿ ಬಹಳ ಹಿಂದೆಯೇ ಕಂಡುಕೊಂಡಿದ್ದ. ಅವನು ಓದಿದ್ದು ಏಳನೆಯ ತರಗತಿ. ಹುಳ ಅವನಿಗಿಂತ ಹೆಚ್ಚು ಓದಿದೆ. ನಮ್ಮ ಮಂತ್ರಿ ಪ್ರುತ್ ನದಿ ದಾಟಿ ಪಡುವಣಕ್ಕೆ ಹೋಗಿ ಯಾರದೋ ಕೈ ಕುಲುಕಿದರೆ ಮೂರನೆಯ ದಿನ ಮೂಡಣದ ಗಡಿಯಲ್ಲಿ ನಮ್ಮ ಸೇಬಿನಲ್ಲಿ ಹುಳ ಕಾಣಿಸಿಕೊಳ್ಳುತ್ತದೆ. ಕೈ ಕುಲುಕದೆ ಬರೀ ತಲೆಯಾಡಿಸಿ ಬಂದಿದ್ದರೆ ಹುಳ ಸಣ್ಣದು, ವಾರದೊಳಗೆ ಸಾಯುತ್ತದೆ. ಅಪ್ಪಿಕೊಂಡಿದ್ದರೆ ಇಡೀ ಹಂಗಾಮು ಬದುಕುತ್ತದೆ. ಮಂತ್ರಿ ಗಾಬರಿಬಿದ್ದು ಮೂಡಣಕ್ಕೆ ಓಡಿ ಎರಡು ಮೃದು ಮಾತಾಡಿದನೋ, ಹುಳ ತನ್ನಷ್ಟಕ್ಕೆ ತಾನೇ ಮಾಯ. ಆದರೆ ಅದೇ ವಾರ ಪಡುವಣದ ನೆರವಿನ ಕಾಗದದಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿ ಸಿಕ್ಕಿ, ಕಾಗದ ವಾಪಸು ಹೋಗುತ್ತದೆ. ಒಂದು ವರ್ಷ ಹೀಗೆ ಎರಡೂ ಕಡೆ ಬಾಗಿಲು ಹಾಕಿದಾಗ ಊರಿನ ಹಂದಿಗಳು ಚಳಿಗಾಲವಿಡೀ ಸೇಬು ತಿಂದವು, ಆಮೇಲೆ ಅವೂ ಬೇಡವೆಂದವು. ಹಂದಿಗಳಿಗೂ ಒಂದು ವಿದೇಶಾಂಗ ನೀತಿ ಇದೆ ಎಂದು ಆಗ ಯಾರೋ ಅಂದಿದ್ದರು. ಅಂದವಳು ಪ್ರೊಫಿರಾಳೇ ಇರಬೇಕು. ಅವಳ ಮಾತುಗಳು ಊರಿನಲ್ಲಿ ಮಾಲೀಕರಿಲ್ಲದ ಹಾಗೆ ತಿರುಗಾಡುತ್ತಿರುತ್ತವೆ.

ಹತ್ತು ಗಂಟೆಗೆ ಸಾಹೇಬರು ಬಂದರು. ಒಕ್ತಾವಿಯನ್ ಅಂತ ಹೆಸರು, ಮೂವತ್ತು ದಾಟಿರಲಿಲ್ಲ, ಚೂಪು ಮೂಗಿನ ಬೂಟು, ಅದರ ಮೇಲೆ ಆಗಲೇ ನಮ್ಮ ಊರಿನ ಕೆಸರು. ಸೆರಾಫಿಮನ ಕೋಣೆಯಲ್ಲಿ ಕಾಫಿ ಕೊಟ್ಟರು. ಹರಲಾಂಬಿಗೂ ಕೊಟ್ಟರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಕಾಫಿ ಸಿಕ್ಕಿದ್ದು ಅದೇ ಮೊದಲು, ಹಾಗಾಗಿ ಬಟ್ಟಲು ಕೈಗೆ ಬರುವ ಮೊದಲೇ ಸಂಗತಿ ಎಷ್ಟು ಕೆಟ್ಟದ್ದೆಂದು ಅವನಿಗೆ ಅಂದಾಜಾಯಿತು. ಸಾಹೇಬರು ಬಹಳ ಮರ್ಯಾದೆಯಿಂದ ವಿವರಿಸಿದರು. ಮೂಡಣದವರು ಒಂದು ತಿಂಗಳಿಂದ ಈ ಭಾಗದ ಸೇಬು ತಡೆದಿದ್ದಾರೆ. ಈಗ ಖಾಸಗಿಯಾಗಿ ಒಂದು ಮಾತು ಬಂದಿದೆ: ನೀವೇ ಒಂದು ಹುಳ ಹಿಡಿದು, ಒಬ್ಬ ತಪ್ಪಿತಸ್ಥನನ್ನು ತೋರಿಸಿ, ಆ ಸರಕನ್ನು ಗುಂಡಿಗೆ ಹಾಕಿ ಸುಣ್ಣ ಸುರಿದುಬಿಟ್ಟರೆ, ನಿಮ್ಮಲ್ಲಿ ಶಿಸ್ತಿದೆ ಅಂತ ತಿಳಿದು ಉಳಿದದ್ದನ್ನು ಬಿಡುತ್ತೇವೆ. ಮಂತ್ರಿ ಹೋಗಿ ಕೇಳಿಕೊಳ್ಳುವ ಹಾಗಿಲ್ಲ, ಪಡುವಣದವರು ನೋಡುತ್ತಿದ್ದಾರೆ. ಅವರ ನೆರವು ಈ ತಿಂಗಳೇ ಬರಬೇಕು, ಬರದಿದ್ದರೆ ಚಳಿಗಾಲದ ಗ್ಯಾಸಿಗೆ ಏನು ಮಾಡುವುದು, ಗ್ಯಾಸು ಬರುವುದಂತೂ ಮೂಡಣದಿಂದ. ಆದ್ದರಿಂದ ಇದು ರಾಜಕೀಯವಾಗಿ ಕಾಣಬಾರದು, ಬರೀ ಕೃಷಿಯ ವಿಷಯವಾಗಿ, ಕೆಳಗಿನಿಂದ, ಆದಷ್ಟೂ ಕೆಳಗಿನಿಂದ ಬರಬೇಕು. ಇಷ್ಟು ಹೇಳಿ ಸಾಹೇಬರು ಹರಲಾಂಬಿಯ ಕಡೆ ನೋಡಿದರು. ದೇಶದಲ್ಲಿ ತನಗಿಂತ ಕೆಳಗೆ ಸಹಿ ಇರುವವನು ಇನ್ನೊಬ್ಬನಿಲ್ಲ ಎಂಬುದು ಹರಲಾಂಬಿಗೆ ಆ ನೋಟದಿಂದ ತಿಳಿಯಿತು. ಒಂದು ಬಗೆಯ ಹೆಮ್ಮೆಯೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು.

ಹೊರಗೆ ಹನ್ನೊಂದು ಲಾರಿ ನಿಂತಿದ್ದವು. ಅದರಲ್ಲಿ ಪ್ರೊಫಿರಾಳದು ಒಂದೇ, ಅವಳ ವರ್ಷದ ಫಸಲೆಲ್ಲ ಅದರಲ್ಲೇ. ಒಂದು ಹೋದರೆ ಹತ್ತು ಉಳಿಯುತ್ತವೆ ಎಂದು ಸೆರಾಫಿಮ್ ಬೆರಳು ಮಡಚಿ ತೋರಿಸಿದ, ಇದು ಲೆಕ್ಕವೇ ಹೊರತು ದ್ವೇಷವಲ್ಲ ಎಂಬಂತೆ. ಕಳೆದ ಸಭೆಯಲ್ಲಿ ಸಂಘದ ತಕ್ಕಡಿ ಯಾವ ಕಡೆ ಬಾಗುತ್ತದೆಂದು ಪ್ರೊಫಿರಾ ಎಲ್ಲರೆದುರು ಕೇಳಿದ್ದನ್ನು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹರಲಾಂಬಿ ಕಾಫಿ ಕುಡಿದ. ಸುಮ್ಮನಿರುವುದರಲ್ಲಿ ಅವನದು ಪಳಗಿದ ಕೈ. ಮನೆಯಲ್ಲಿ ಹೆಂಡತಿ ಲಿದಿಯಾ ಅಡುಗೆಮನೆಯ ಟೀವಿಯಲ್ಲಿ ಪಡುವಣದ ಸುದ್ದಿ ಹಾಕಿಕೊಳ್ಳುತ್ತಾಳೆ, ಅವಳ ತಾಯಿ ಒಳಕೋಣೆಯಲ್ಲಿ ಮೂಡಣದ ಸುದ್ದಿ ಹಾಕಿಕೊಳ್ಳುತ್ತಾಳೆ, ನಡುವಿನ ಓಣಿಯಲ್ಲಿ ಬೂಟು ಬಿಚ್ಚುವ ಸ್ಟೂಲಿನ ಮೇಲೆ ಇವನು ಮೆಕ್ಕೆಜೋಳದ ಮುದ್ದೆ ಮಮಲಿಗಾದ ತಟ್ಟೆ ಹಿಡಿದು ಕೂತು ಕಿವಿಗೊಂದೊಂದು ಸತ್ಯ ಕೇಳುತ್ತಾ ತಿನ್ನುತ್ತಾನೆ. ಯಾವುದಾದರೊಂದು ಕೋಣೆಗೆ ಹೋಗಿ ಕೂತರೆ ಇನ್ನೊಂದು ಕೋಣೆಯಿಂದ ಆ ದಿನ ಉಪ್ಪು ಬರುವುದಿಲ್ಲ. ಮೂಡಣದ ಬೆಂಕಿಯ ಮೇಲೆ ನೀರು ಕಾಯಿಸಿ ಪಡುವಣದ ಮಾತ್ರೆ ನುಂಗುತ್ತಾನೆ. ಹೀಗೆ ಹದಿನೈದು ವರ್ಷದಿಂದ ಮನೆಯಲ್ಲಿ ಶಾಂತಿ ಇದೆ. ಅವನ ಸೊಂಟ ಮಾತ್ರ ಹೋಗಿದೆ, ಆ ಸ್ಟೂಲಿಗೆ ಬೆನ್ನಿಲ್ಲ.

ಸಾಹೇಬರು ಚೀಲದಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಸ್ಪಿರಿಟ್ಟಿನಲ್ಲಿ ಒಂದು ಹುಳ. ನೂರು ಸೇಬು ಕೊಯ್ದರೂ ಸಿಗದೆ ಹೋಗಬಹುದೆಂದು ಇಲಾಖೆಯವರೇ ಮುಂದಾಲೋಚನೆಯಿಂದ ಕಳಿಸಿದ್ದರು. ಹರಲಾಂಬಿ ಅಭ್ಯಾಸಬಲದಿಂದ ಕೊರಳಿನ ಭೂತಗನ್ನಡಿ ಎತ್ತಿ ನೋಡಿದ. ಹುಳದ ಬಾಲದ ತುದಿಯಲ್ಲಿ, ಕೂದಲಿಗಿಂತ ಸಣ್ಣದಾಗಿ, ಬಾಚಣಿಗೆಯಂಥದೊಂದು ಇತ್ತು. ಸೇಬಿನ ಹುಳಕ್ಕೆ ಅದಿರುವುದಿಲ್ಲ. ಇದು ಪ್ಲಮ್ಮಿನ ಹುಳ. ಇಷ್ಟು ಹೊತ್ತು ಅವನೊಳಗೆ ಮಿಸುಕಾಡುತ್ತಿದ್ದ ಅಳುಕು, ಪ್ರೊಫಿರಾಳ ಮುಖ, ಎಲ್ಲ ಒಂದು ಕ್ಷಣ ಎಲ್ಲಿಗೋ ಹೋಯಿತು. ಆ ಜಾಗದಲ್ಲಿ ಬಿಸಿಯಾದ, ಸ್ವಚ್ಛವಾದ ಸಿಟ್ಟೊಂದು ಬಂದು ಕೂತಿತು. ಸುಳ್ಳು ಹೇಳು ಎಂದು ಕೇಳಿದ್ದಕ್ಕಲ್ಲ. ಇಪ್ಪತ್ತೊಂಬತ್ತು ವರ್ಷದ ಕಣ್ಣಿನೆದುರು ಪ್ಲಮ್ಮಿನ ಹುಳ ತಂದಿಟ್ಟಿದ್ದಕ್ಕೆ.

"ಇದು ಪ್ಲಮ್ಮಿಂದು," ಅಂದ.

ಹುಳ ಹುಳವೇ ಅಲ್ವಾ ಎಂದು ಸೆರಾಫಿಮ್ ನಕ್ಕ. ಸಾಹೇಬರು ನಗಲಿಲ್ಲ, ಅವರ ಕಿವಿ ಕೆಂಪಾಯಿತು.

"ಆ ಕಡೆಯವರೂ ಭೂತಗನ್ನಡಿ ಇಟ್ಕೊಂಡಿರ್ತಾರೆ ಸಾಹೇಬ್ರೆ. ನೋಡಿ ನಗ್ತಾರೆ. ಇವರಿಗೆ ನೆಟ್ಟಗೆ ಸುಳ್ಳು ಹೇಳೋಕೂ ಬರಲ್ಲ ಅಂತಾರೆ. ಸೇಬಿಂದೇ ಬೇಕು." ಆಮೇಲೆ, ಯಾರೂ ಕೇಳದಿದ್ದರೂ, "ಮಧ್ಯಾಹ್ನದೊಳಗೆ ತರ್ತೀನಿ," ಎಂದುಬಿಟ್ಟ.

ಹೇಳಿದ ಮೇಲೆ ಆ ಮಾತು ತನ್ನ ಬಾಯಿಂದಲೇ ಬಂತೆಂದು ನಂಬಲು ಅವನಿಗೆ ಗೋದಾಮಿನಿಂದ ಮನೆಯವರೆಗೆ ನಡೆಯಬೇಕಾಯಿತು. ಹಿತ್ತಲಿನಲ್ಲಿ, ಕೋಳಿಗೂಡಿನ ಹಿಂದೆ, ಔಷಧಿ ಕಾಣದ ಒಂದು ಮುದಿ ಸೇಬಿನ ಮರವಿತ್ತು. ಅದರ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದಾಗಿ ಕೊಯ್ಯತೊಡಗಿದ. ಮೊದಲ ಐದರಲ್ಲಿ ಇಲ್ಲ. ಎಂಟರಲ್ಲೂ ಇಲ್ಲ. ಎಷ್ಟೋ ವರ್ಷ ಬೇಡವೆಂದರೂ ಬರುತ್ತಿದ್ದ ಹುಳ ಬೇಕೆಂದಾಗ ಎಲ್ಲಿ ಹೋಯಿತು, ಇದಕ್ಕೂ ಯಾರಾದರೂ ಫೋನು ಮಾಡಿ ಹೇಳಬೇಕೋ ಎಂದುಕೊಂಡ. ಲಿದಿಯಾ ಅಡುಗೆಮನೆಯ ಕಿಟಕಿಯಿಂದ, ಈ ಹೊತ್ತಿನಲ್ಲಿ ಏನು ಹುಡುಕ್ತಿದೀಯ ಎಂದಳು. ಕೆಲಸದ್ದು ಎಂದ. ಕೆಲಸದಲ್ಲಿ ಸಿಗದ್ದು ಮನೆಯಲ್ಲಿ ಸಿಗುತ್ತಾ ಎಂದಳು ಅವಳು, ಏನೂ ಗೊತ್ತಿಲ್ಲದೆ, ಕಿಟಕಿ ಮುಚ್ಚಿದಳು. ಹದಿನಾಲ್ಕನೆಯದನ್ನು ಕೊಯ್ದಾಗ ಬೀಜದ ಮನೆಯ ಪಕ್ಕದಲ್ಲಿ, ಕಂದು ಪುಡಿಯ ನಡುವೆ, ತಿಳಿಗುಲಾಬಿ ಮೈಯ, ಕಂದು ತಲೆಯ, ಬಾಲದಲ್ಲಿ ಬಾಚಣಿಗೆ ಇಲ್ಲದ ಹುಳ ತಲೆಯೆತ್ತಿತು. ಅವನ ಎದೆ ಸಂತೋಷದಿಂದ ಹಾರಿತು. ಹಾರಿದ್ದು ನಿಜ. ಆಮೇಲೆ ಅದನ್ನು ಯಾರಿಗೂ ಹೇಳಲಿಲ್ಲ, ತನಗೆ ತಾನೇ ಕೂಡ, ಆದರೆ ಆ ಒಂದು ಗಳಿಗೆ ಅವನು ಮಗುವಿನ ಹಾಗೆ ಖುಷಿಪಟ್ಟಿದ್ದ. ಹುಳ ಕೊರೆದ ಹೋಳನ್ನು ಜೇಬಿಗಿಟ್ಟು, ಹುಳವನ್ನು ಬೆಂಕಿಪೊಟ್ಟಣಕ್ಕೆ ಹಾಕಿ, ಉಸಿರಾಡಲೆಂದು ಮೂಲೆಯಲ್ಲಿ ತೂತು ಮಾಡಿದ. ಹುಳದ ಉಸಿರಿಗೆ ಇಷ್ಟು ಕಾಳಜಿ ಮಾಡುವ ಮನುಷ್ಯ ತಾನು ಎಂದು ದಾರಿಯುದ್ದಕ್ಕೂ ಕಹಿಯಾಗಿ ಅಂದುಕೊಂಡ.

ಗೇಟಿನ ಬಳಿ ಪ್ರೊಫಿರಾ ತನ್ನ ಲಾರಿಯ ಮೆಟ್ಟಿಲ ಮೇಲೆ ಕೂತು ಗಿಣ್ಣು ತುಂಬಿದ ಪ್ಲಚಿಂತಾ ರೊಟ್ಟಿ ತಿನ್ನುತ್ತಿದ್ದಳು. ಅರವತ್ತಮೂರಾದರೂ ಬೆನ್ನು ನೆಟ್ಟಗೆ, ತಲೆಗೆ ಗಂಡಸರ ಟೋಪಿ. ತಪ್ಪಿಸಿಕೊಂಡು ಹೋಗಲು ಇನ್ನೊಂದು ದಾರಿ ಇರಲಿಲ್ಲ.

"ಬಾ ಹರಲಾಂಬಿ. ಮುಖ ಏನು ಹಾಗಿದೆ? ಮನೇಲಿ ಎರಡೂ ಟೀವಿ ಒಂದೇ ಸುದ್ದಿ ಹೇಳಿದ್ವಾ?"

ಅವನು ಹಲ್ಲು ಬಿಟ್ಟ. ಅವಳು ಪ್ಲಚಿಂತಾ ಮುರಿದು ದೊಡ್ಡ ತುಂಡನ್ನೇ ಕೊಟ್ಟಳು. ಬೇಡವೆನ್ನಲು ಕಾರಣ ಹೊಳೆಯದೆ ತೆಗೆದುಕೊಂಡ. ಬಿಸಿಯಿತ್ತು, ಸಬ್ಬಸಿಗೆ ಹಾಕಿದ್ದಳು. ಹಿಂದೊಮ್ಮೆ, ಸಾಮೂಹಿಕ ತೋಟದ ಕಾಲದಲ್ಲಿ, ಔಷಧಿಯ ಪೀಪಾಯಿ ಉರುಳಿ ನಾಲ್ಕು ಸಾಲು ಮರ ಸುಟ್ಟಾಗ ಉರುಳಿಸಿದವನು ಹರಲಾಂಬಿ, ಬೈಸಿಕೊಂಡವಳು ಅವಳು. ನಾನೇ ಅಂತ ಎದ್ದು ನಿಲ್ಲಲು ಅವನು ಸಭೆ ಮುಗಿಯುವ ತನಕ ಸರಿಯಾದ ಗಳಿಗೆ ಕಾಯುತ್ತಿದ್ದ. ಸಭೆ ಮುಗಿಯಿತು. ಬಾಯಲ್ಲಿ ಗಿಣ್ಣು ಕರಗಿತು. ಜೇಬಿನಲ್ಲಿ ಪೊಟ್ಟಣದೊಳಗೆ ಅದು ತೆವಳುವ ಸಪ್ಪಳ ತನಗೆ ಕೇಳಿಸುತ್ತಿದೆ ಎಂದು ಅವನಿಗೆ ಅನ್ನಿಸಿತು, ಕೇಳಿಸುವುದು ಸಾಧ್ಯವಿರಲಿಲ್ಲ.

"ನನ್ನ ಸೇಬು ಹೇಗಿದಾವೆ?"

"ಚೆನ್ನಾಗಿದಾವೆ," ಅಂದ. ಅಂದು ಅವನು ಅವಳಿಗೆ ಹೇಳಿದ ಒಂದೇ ನಿಜ ಅದು. ಹೇಳಿ, ಬಾಯಿ ಒರೆಸಿಕೊಂಡು ಒಳಗೆ ಹೋಗಿ, ಅರ್ಧ ಗಂಟೆಯಲ್ಲಿ ಅವಳ ಸೇಬಿನಲ್ಲಿ ಹುಳ ಸಿಕ್ಕಿದೆ ಎಂದು ಮೂರು ಪ್ರತಿ ಬರೆದು ಸಹಿ ಹಾಕಿದ. ಅಕ್ಷರ ದುಂಡಗೆ ಬಂದವು. ಸಾಹೇಬರು ಹುಳದ ಫೋಟೋ, ಕಾಗದದ ಫೋಟೋ ತೆಗೆದು ಫೋನಿನಲ್ಲೇ ಎಲ್ಲಿಗೋ ಕಳಿಸಿದರು, ಹರಲಾಂಬಿಯ ಹೆಗಲು ತಟ್ಟಿ, ನಿಮ್ಮಂಥ ಅನುಭವಿಗಳಿಂದಲೇ ಇಲಾಖೆ ನಿಂತಿರುವುದು ಎಂದರು. ಆ ಮಾತಿಗೆ ಹಿಗ್ಗಬಾರದೆಂದು ಅವನು ಬಹಳ ಪ್ರಯತ್ನಪಟ್ಟ.

ಅವಳಿಗೆ ತಿಳಿಸುವ ಕೆಲಸವನ್ನೂ ಅವನಿಗೇ ಬಿಟ್ಟರು. ನಿಯಮದ ಪ್ರಕಾರ ನೋಡಿದವನೇ ಹೇಳಬೇಕು, ಮಾಲೀಕರು ಕೆಳಗೆ ಸಹಿ ಹಾಕಬೇಕು. ಪ್ರೊಫಿರಾ ಒಳಗೆ ಬಂದು, ಕೂಗಾಡದೆ, ಹುಳ ತೋರಿಸು ಎಂದಳು. ತೋರಿಸಿದ. ಭೂತಗನ್ನಡಿಯ ಅಗತ್ಯ ಅವಳಿಗಿರಲಿಲ್ಲ. ಮಗ್ಗುಲಲ್ಲಿದ್ದ ಹೋಳನ್ನು ಮೂಸಿ ನೋಡಿದಳು. ಈ ವರ್ಷ ಹನ್ನೊಂದು ಸಲ ಔಷಧಿ ಹೊಡೆದಿದ್ದೆ, ಈ ತಳಿ ನನ್ನ ತೋಟದಲ್ಲೇ ಇಲ್ಲ ಎಂದು ಅವಳು ಹೇಳಬಹುದಿತ್ತು, ಅವನು ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡಿದ್ದ. ಅವಳು ಅದನ್ನು ಹೇಳಲಿಲ್ಲ.

"ಯಾರ ಮರದ್ದು?" ಅಂದಳು, ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವ ಹಾಗೆ.

ಅವನು ಹೊರಗಿನ ಲಾರಿಗಳ ಕಡೆ ನೋಡಿದ. ಹತ್ತು ಲಾರಿಗಳ ಹತ್ತು ಮನೆಯವರು ಕಿಟಕಿಯ ಹೊರಗೆ ನಿಂತು, ಒಳಗೆ ನೋಡುತ್ತಿಲ್ಲ ಎನ್ನುವಂತೆ ನೋಡುತ್ತಿದ್ದರು. ಅವಳೂ ಅವರನ್ನು ಕಂಡಳು. ನಾನು ಸಹಿ ಹಾಕಿದರೆ ಅವರದು ಗಡಿ ದಾಟುತ್ತಾ ಎಂದು ಸಾಹೇಬರನ್ನು ಕೇಳಿದಳು. ಖಂಡಿತ ದಾಟುತ್ತದೆ, ದೇಶ ನಿಮ್ಮನ್ನು ಮರೆಯುವುದಿಲ್ಲ ಎಂದರು ಸಾಹೇಬರು.

"ಮರೀಲಿ ಬಿಡಿ ಸಾಹೇಬ್ರೆ. ದೇಶ ನೆನಪಿಟ್ಕೊಂಡಾಗೆಲ್ಲ ನಂಗೆ ಒಂದು ಲಾರಿ ಖರ್ಚು." ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿಟ್ಟು ಹೋದಳು. ಅವಳ ಲಾರಿ ಕಲ್ಲುಗಣಿಯ ಹಿಂದಿನ ಗುಂಡಿಯ ಕಡೆ ಹೊರಟ ಸದ್ದನ್ನು ಹರಲಾಂಬಿ ಮುಂದಿನ ಲಾರಿಯ ನೂರು ಸೇಬು ಕೊಯ್ಯುತ್ತಾ ಕೇಳಿಸಿಕೊಂಡ. ನಲವತ್ತರ ತನಕ ಎಣಿಸಿದ, ಆಮೇಲೆ ಎಣಿಕೆ ತಪ್ಪಿತು.

ನಾಲ್ಕು ಗಂಟೆಗೆ, ಸಾಹೇಬರು ಹೊರಡಲು ಕಾರಿನ ಬಾಗಿಲು ತೆಗೆದಿದ್ದಾಗ, ಫೋನು ಬಂತು. ಮಾತಾಡುತ್ತಾ ಅವರ ಬೂಟುಗಳು ಕೆಸರಿನಲ್ಲಿ ಅತ್ತಿತ್ತ ನಡೆದವು. ಮಂತ್ರಿ ಇವತ್ತು ಮಧ್ಯಾಹ್ನ ಪಡುವಣದ ಯಾವುದೋ ಮೆಟ್ಟಿಲ ಮೇಲೆ ಯಾರನ್ನೋ ಅಪ್ಪಿಕೊಂಡಿದ್ದಾನೆ, ಎರಡು ಸಲ, ಮೊದಲನೆಯದರಲ್ಲಿ ಫೋಟೋ ಸರಿ ಬರಲಿಲ್ಲವಂತೆ. ಒಂದು ಗಂಟೆಯೊಳಗೆ ಮೂಡಣದವರು ಇಡೀ ದೇಶದ ಸೇಬಿಗೆ ಗಡಿ ಮುಚ್ಚಿದರು. ಕಾರಣ ಹುಡುಕಬೇಕಾಗಿರಲಿಲ್ಲ, ಅವರದೇ ತಜ್ಞ ಹುಳ ಇದೆ ಎಂದು ಒಪ್ಪಿದ್ದಾನೆ ನೋಡಿ ಎಂದು ಹರಲಾಂಬಿಯ ದುಂಡು ಅಕ್ಷರಗಳನ್ನು ಟೀವಿಯಲ್ಲಿ ತೋರಿಸುತ್ತಿದ್ದಾರೆ. ತಜ್ಞ. ಅವನ ಅತ್ತೆ ಒಳಕೋಣೆಯಲ್ಲಿ ಅದನ್ನು ನೋಡುತ್ತಿರಬಹುದು, ಜೀವನದಲ್ಲಿ ಮೊದಲ ಸಲ ಅಳಿಯನ ಬಗ್ಗೆ ಹೆಮ್ಮೆಪಡುತ್ತಿರಬಹುದು. ಹತ್ತೂ ಲಾರಿಗೆ ಈಗ ಉಳಿದ ದಾರಿ ಪಡುವಣವೊಂದೇ, ಅಗ್ಗದ ಬೆಲೆಗಾದರೂ. ಆದರೆ ಪಡುವಣದ ಖರೀದಿದಾರರು ಅದೇ ಕಾಗದ ನೋಡಿದ್ದಾರೆ. ಅವರ ಪ್ರತಿನಿಧಿ, ಕನ್ನಡಕದ ಹೆಂಗಸೊಬ್ಬಳು, ನಮ್ಮ ಭಾಷೆ ಬಾರದವಳು, ಪಕ್ಕದ ಪಟ್ಟಣದಿಂದ ಹೊರಟಾಗಿದೆ.

ಸಾಹೇಬರು ಮತ್ತೆ ಸೆರಾಫಿಮನ ಕೋಣೆಗೆ ಬಂದರು, ಈ ಸಲ ಕಾಫಿ ಇಲ್ಲ. ಸಹಿ ಬಿದ್ದ ಕಾಗದ ವಾಪಸು ಪಡೆಯುವ ಹಾಗಿಲ್ಲ, ಹಾಗೆ ಮಾಡಿದರೆ ಒತ್ತಡ ಹಾಕಿದ್ದಾರೆ ಎನ್ನುತ್ತಾರೆ. ಉಳಿದಿರುವುದು ಒಂದೇ: ತಜ್ಞನ ಕಣ್ಣೇ ಸರಿಯಿಲ್ಲ. ವಯಸ್ಸಾಗಿದೆ, ಪೊರೆ ಬಂದಿದೆ, ಮರದ ಚಕ್ಕೆಯೋ ಏನೋ ಕಂಡು ಹುಳ ಅಂದುಕೊಂಡ. ಅವನೇ ಹಾಗೆಂದು ಬರೆದುಕೊಟ್ಟರೆ ಎಲ್ಲರ ಸೇಬೂ ಬೆಳಗಿನ ಹಾಗೆ ಶುದ್ಧ. ಪ್ರೊಫಿರಾಳ ಲಾರಿಯನ್ನು ಗುಂಡಿಯ ಬಳಿ ತಡೆಸಿದ್ದರು. ಅರ್ಧ ಸುರಿದು ಸುಣ್ಣ ಹಾಕಿಯಾಗಿತ್ತು, ಅರ್ಧ ಇನ್ನೂ ಲಾರಿಯಲ್ಲಿತ್ತು.

ಬೆಳಿಗ್ಗೆ ಅವಳ ಮೇಲೆ ಸುಳ್ಳು ಬರೆಯುವಾಗ ಅವನ ಕೈ ತಡವರಿಸಿರಲಿಲ್ಲ. ಈಗ ತನ್ನ ಕಣ್ಣಿನ ಮೇಲೆ ಬರೆಯಬೇಕೆನ್ನುವಾಗ ಪೆನ್ನು ಕಾಗದಕ್ಕೆ ಇಳಿಯಲೊಲ್ಲದು. ತಾನು ಇಷ್ಟೇನೇ ಎಂದು ಹರಲಾಂಬಿ ತನ್ನೊಳಗೆ ಇಣುಕಿ ನೋಡಿದ, ನೂರನೆಯ ಸೇಬನ್ನು ನೋಡಿದ ಹಾಗೆ. ಹೆಂಡತಿಯ ಮುಂದೆ, ಅತ್ತೆಯ ಮುಂದೆ, ಸಂಘದ ಮುಂದೆ, ಎಲ್ಲ ಕಡೆ ಬಾಗಿ ಬಾಗಿ ಬಂದವನಿಗೆ ನೆಟ್ಟಗೆ ಉಳಿದದ್ದು ಈ ಎರಡು ಕಣ್ಣು. ಅವನ್ನೂ ದೇಶ ಕೇಳುತ್ತಿದೆ, ಅದೂ ಬೆಳಗಿನಿಂದ ಸಂಜೆಯೊಳಗೆ ಎರಡನೆಯ ಸಲ. ಸೆರಾಫಿಮ್ ಬಾಗಿಲಿನ ಕಡೆ ನೋಡಿದ, ಹೆಂಗಸಿನ ಕಾರು ಬಂದ ಸದ್ದಾಯಿತು. ಹರಲಾಂಬಿ ಸಹಿ ಹಾಕಿದ. ಅಕ್ಷರ ಈ ಸಲ ತಾವಾಗಿಯೇ ಸೊಟ್ಟಗೆ ಬಂದವು, ಸಾಹೇಬರು ಅದನ್ನು ಮೆಚ್ಚಿದರು.

ಆದರೆ ಹೆಂಗಸು ಕಾಗದ ಓದಿಸಿಕೊಂಡು ತೃಪ್ತಳಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ನೋಡಿದವನಿಗೆ ಇವತ್ತು ಮಾತ್ರ ಕಣ್ಣು ಕಾಣದಾಯಿತೇ ಎಂದು ಕೇಳಿದಳಂತೆ, ಸಾಹೇಬರು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಿದರು. ಆ ಮನುಷ್ಯನನ್ನು ನೋಡಬೇಕು, ಹೊರಗೆ ಕರೆಯಿರಿ ಎಂದಳು. ಹರಲಾಂಬಿ ಹೊಸ್ತಿಲಿಗೆ ಬಂದ. ಅಂಗಳದಲ್ಲಿ ಬೆಳೆಗಾರರೆಲ್ಲ ನಿಂತಿದ್ದರು. ಅರ್ಧ ಖಾಲಿಯಾದ ಲಾರಿಯ ಪಕ್ಕದಲ್ಲಿ ಪ್ರೊಫಿರಾ, ಅವಳ ತೋಳಿನ ಮೇಲೆ ಸುಣ್ಣದ ಪುಡಿ. ಕನ್ನಡಕದ ಹೆಂಗಸು ಅವನ ಕಣ್ಣುಗಳನ್ನೇ ನೋಡುತ್ತಿದ್ದಳು. ಸಂಜೆಯ ಬಿಸಿಲಿನಲ್ಲಿ ಅವನಿಗೆ ಎಲ್ಲವೂ ಬೇಡವೆನ್ನುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು: ಆ ಹೆಂಗಸಿನ ಅಂಗಿಯ ಸಡಿಲಾದ ಗುಂಡಿ, ಸೆರಾಫಿಮನ ಹಣೆಯ ಬೆವರಿನ ಹನಿಗಳು. ಏನು ಮಾಡಬೇಕೆಂದು ತಿಳಿಯದೆ ನಿಂತ. ಕುರುಡರು ಹೇಗೆ ನಿಲ್ಲುತ್ತಾರೆಂದು ಅವನು ಎಂದೂ ಗಮನಿಸಿರಲಿಲ್ಲ.

ಪ್ರೊಫಿರಾ ಅಂಗಳ ದಾಟಿ ಬಂದು ಅವನ ಮೊಣಕೈ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು, ನೋಯುವಷ್ಟು. ಅದು ಕರುಣೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. ನಾಲ್ಕು ಹೆಜ್ಜೆ ನಡೆಸಿ, ಅಂಗಳದ ಸಪಾಟು ಸಿಮೆಂಟಿನ ನಟ್ಟನಡುವೆ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಹುಷಾರು ಹರಲಾಂಬಿ, ಇಲ್ಲಿ ಮೆಟ್ಟಿಲಿದೆ."

ಅಲ್ಲಿ ಮೆಟ್ಟಿಲಿರಲಿಲ್ಲ. ಅಂಗೈಯಷ್ಟು ನುಣ್ಣಗಿನ ನೆಲ. ಅದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ಅಂಗಳದಲ್ಲಿದ್ದ ಊರಿಗೆಲ್ಲ ಗೊತ್ತಿತ್ತು. ಹರಲಾಂಬಿ ಒಂದು ಕ್ಷಣ ತಡೆದ. ಆಮೇಲೆ ಬಲಗಾಲನ್ನು ಮೇಲಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ, ಬೆರಳ ತುದಿಯಿಂದ ಗಾಳಿಯನ್ನು ತಡಕಿ, ಇಲ್ಲದ ಮೆಟ್ಟಿಲನ್ನು ಜೋಪಾನವಾಗಿ ಹತ್ತಿದ.